ಸೈನ್ಯದ ಲೆಕ್ಕ ಕೇಳಿದ ವಕೀಲರು

ಸ್ವಾತಂತ್ರ್ಯದ ಚರಿತ್ರೆ ಎಂದರೆ ನಮಗೆ ಉಪ್ಪು ನೆನಪಾಗುತ್ತದೆ, ಚರಕ ನೆನಪಾಗುತ್ತದೆ. ಬಂದೂಕು ಯಾರ ಹುಕುಮಿನಲ್ಲಿರಬೇಕೆಂದು ಶಾಸನಸಭೆಯಲ್ಲಿ ವಾದಿಸಿದವರನ್ನು ನಾವು ಮರೆತಿದ್ದೇವೆ. ಮದರಾಸಿನ ವಕೀಲ ಪಿ.ಎಸ್. ಶಿವಸ್ವಾಮಿ ಅಯ್ಯರ್ ಅಂಥವರಲ್ಲೊಬ್ಬರು.

1919ರಲ್ಲಿ ನೇಮಕವಾದ ಈಷರ್ ಸಮಿತಿ ಭಾರತದ ಸೈನ್ಯವನ್ನು ಇಡೀ ಸಾಮ್ರಾಜ್ಯದ ರಕ್ಷಣೆಗೆ ಜೋಡಿಸಹೊರಟಿತ್ತು. ಅಂದರೆ ದುಡ್ಡು ನಮ್ಮದು, ಸಿಪಾಯಿ ನಮ್ಮವನು, ಹುಕುಂ ಮಾತ್ರ ಲಂಡನ್ನಿನದು! 1921ರ ಮಾರ್ಚಿನಲ್ಲಿ ಅಯ್ಯರ್ ಸಭೆಯ ಮುಂದೆ ಸಾಲು ಸಾಲು ಗೊತ್ತುವಳಿಗಳನ್ನಿಟ್ಟರು. ಸೈನ್ಯವಿರುವುದು ಈ ದೇಶದ ರಕ್ಷಣೆಗೆ ಎಂದರು. ಪ್ರತಿವರ್ಷದ ಅಧಿಕಾರಿ ನೇಮಕಗಳಲ್ಲಿ ಮೊದಲಿಗೆ ಶೇ. 25ರಷ್ಟಾದರೂ ಭಾರತೀಯರಿಗೆ ಸಿಗಲಿ ಎಂದರು. ಆಗ ಸ್ಯಾಂಡ್‌ಹರ್ಸ್ಟ್‌ನಲ್ಲಿ ನಮ್ಮವರಿಗೆ ವರ್ಷಕ್ಕಿದ್ದದ್ದು 10 ಸ್ಥಾನ.

ಸಭೆ ಒಪ್ಪಿತು, ಲಂಡನ್ ಒಪ್ಪಲಿಲ್ಲ. ಬದಲಿಗೆ 1923ರಲ್ಲಿ ಭಾರತೀಯ ಅಧಿಕಾರಿಗಳಿಗೆಂದು 8 ದಳಗಳನ್ನು ಬೇರೆ ತೆಗೆದಿಟ್ಟರು. ನೋಡಲು ಉದಾರವೇ. ಒಳಗುಟ್ಟು ಬೇರೆ: ಬಿಳಿಯ ಅಧಿಕಾರಿ ಭಾರತೀಯನ ಕೈಕೆಳಗೆ ನಿಲ್ಲುವ ಪ್ರಸಂಗ ಬರಕೂಡದು.

ಡೆಹರಾಡೂನಿನ ಸೈನಿಕ ಅಕಾಡೆಮಿ ತೆರೆದದ್ದು 1932ರಲ್ಲಿ. ಮೊದಲ ತಂಡದ 40 ಹುಡುಗರಲ್ಲಿ ಸ್ಯಾಮ್ ಮಾಣೆಕ್‌ಷಾ, ಮುಹಮ್ಮದ್ ಮೂಸಾ, ಸ್ಮಿತ್ ಡನ್ ಇದ್ದರು. ಮುಂದೆ ಮೂವರೂ ಸೇನಾ ಮುಖ್ಯಸ್ಥರಾದರು: ಭಾರತಕ್ಕೊಬ್ಬರು, ಪಾಕಿಸ್ತಾನಕ್ಕೊಬ್ಬರು, ಬರ್ಮಾಕ್ಕೊಬ್ಬರು. ಅಯ್ಯರ್ 1946ರಲ್ಲೇ ತೀರಿಕೊಂಡಿದ್ದರು. ತಾವು ಲೆಕ್ಕ ಕೇಳಿದ ಸೈನ್ಯ ಹೀಗೆ ಪಾಲಾದದ್ದನ್ನು ಅವರು ನೋಡಲಿಲ್ಲ.