ಡ್ಯಾನ್ ಡೇರ್‌ನ ಮರುಹುಟ್ಟುಗಳು

'ಭವಿಷ್ಯದ ಪೈಲಟ್' ಎಂಬ ಬಿರುದು ಹೊತ್ತು 1950ರಲ್ಲಿ ಬ್ರಿಟನ್ನಿನ ಮಕ್ಕಳ ಮುಂದೆ ಬಂದ ಕಾಮಿಕ್ಸ್ ನಾಯಕ ಡ್ಯಾನ್ ಡೇರ್‌ನ ಹೊಸ ಕಥೆಗಳು 1967ರಲ್ಲಿ ನಿಂತವು. ಅಲ್ಲಿಂದೀಚೆಗೆ ಅವನು ಕನಿಷ್ಠ ಆರು ಸಲ ಹೊಸ ಚಿತ್ರಸರಣಿಗಳಲ್ಲಿ ಮರಳಿ ಬಂದಿದ್ದಾನೆ. ಒಂದು ಸಲವೂ ಮೊದಲಿನಂತೆ ಬೇರು ಬಿಡಲಿಲ್ಲ. ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ, ಜನರಿಗೆ ಭವಿಷ್ಯದ ಮೇಲೆ ಇದ್ದ ನಂಬಿಕೆ ಹೋಯಿತು, ಆದ್ದರಿಂದ ಆ ಭವಿಷ್ಯದ ನಾಯಕನೂ ಸಪ್ಪೆಯಾದ ಎಂಬುದು. ಈ ಉತ್ತರ ನನಗೆ ಸಾಲದು. ಡ್ಯಾನ್ ಡೇರ್ ಹುಟ್ಟಿದ ಕಾಲದಲ್ಲಿಯೂ ನಂಬಿಕೆ ಧಾರಾಳವಾಗಿ ಹರಿಯುತ್ತಿರಲಿಲ್ಲ. ಯುದ್ಧ ಮುಗಿದು ಐದು ವರ್ಷ ಕಳೆದಿದ್ದರೂ ದೇಶ ಪಡಿತರ ಚೀಟಿ ಹಿಡಿದು ಸಾಲಿನಲ್ಲಿ ನಿಂತಿತ್ತು. ಅವನನ್ನು ಬದುಕಿಸಿದ್ದು ಎರಡು ಸಂಗತಿಗಳು: ಓದುವ ಮಗುವಿನ ಮನೆಯೊಳಗೇ ಇದ್ದ ಒಂದು ನಿಜವಾದ ಚಿಂತೆ, ಮತ್ತು ಆ ಚಿಂತೆಗೆ ವಾರವಾರವೂ ರೂಪ ಕೊಡುತ್ತಿದ್ದ ಒಂದು ಕಮ್ಮಟದ ದುಡಿಮೆ. ಹಕ್ಕುಸ್ವಾಮ್ಯದ ಪತ್ರದ ಮೂಲಕ ಕೈಯಿಂದ ಕೈಗೆ ದಾಟಿದ್ದು ಅವನ ಹೆಸರು ಮತ್ತು ಮುಖ ಮಾತ್ರ. ಚಿಂತೆ, ಕಮ್ಮಟ ಎರಡನ್ನೂ ಹೊಸದಾಗಿ ದುಡಿದು ಕೂಡಿಸಬೇಕಾಗಿತ್ತು. ಮರಳಿ ತಂದವರಲ್ಲಿ ಕೆಲವರು ಒಂದನ್ನು ಕೂಡಿಸಿದರು, ಕೆಲವರು ಇನ್ನೊಂದನ್ನು. ಎರಡನ್ನೂ ಒಟ್ಟಿಗೆ ತಂದವರು ಯಾರೂ ಇಲ್ಲ.

ಅವನ ಹುಟ್ಟಿನ ಕಥೆ ಆರಂಭವಾಗುವುದು ಒಂದು ಚರ್ಚಿನಲ್ಲಿ. ಇಂಗ್ಲೆಂಡಿನ ಸೌತ್‌ಪೋರ್ಟ್ ಬಳಿಯ ಬರ್ಕ್‌ಡೇಲಿನಲ್ಲಿ ಪಾದ್ರಿಯಾಗಿದ್ದ ಮಾರ್ಕಸ್ ಮಾರಿಸ್ ತನ್ನ ಸಭೆಯ ಪತ್ರಿಕೆಯನ್ನು 'ದಿ ಆನ್ವಿಲ್' ಎಂಬ ಹೆಸರಿನಲ್ಲಿ ಬೆಳೆಸುತ್ತಿದ್ದರು. ಅಮೆರಿಕದಿಂದ ಬರುತ್ತಿದ್ದ ರಕ್ತಸಿಕ್ತ ಭಯಾನಕ ಕಾಮಿಕ್ಸ್ ಕಂಡು ಕಳವಳಗೊಂಡ ಅವರು 1949ರಲ್ಲಿ ಅವುಗಳ ವಿರುದ್ಧ ಸುದ್ದಿಪತ್ರಿಕೆಯೊಂದರಲ್ಲಿ ಬರೆದರು. ಬೈದು ಸುಮ್ಮನಾಗದೆ ಅದಕ್ಕಿಂತ ಚೆನ್ನಾದದ್ದನ್ನು ಕೊಡಬೇಕೆಂದು ಹೊರಟದ್ದು ಅವರ ದೊಡ್ಡತನ. ಸೌತ್‌ಪೋರ್ಟಿನ ಕಲಾಶಾಲೆಯಲ್ಲಿ ಕಲಿತ, ಸೈನ್ಯದಿಂದ ಮರಳಿದ್ದ ಚಿತ್ರಕಾರ ಫ್ರ್ಯಾಂಕ್ ಹ್ಯಾಂಪ್ಸನ್ ಜೊತೆಯಾದರು. ಮೊದಲು ಅವರು ಯೋಚಿಸಿದ್ದು ಲಂಡನ್ನಿನ ಬಡವರ ಕೇರಿಯ ಲೆಕ್ಸ್ ಕ್ರಿಶ್ಚಿಯನ್ ಎಂಬ ಗಟ್ಟಿಗ ಪಾದ್ರಿಯನ್ನು. ಅವನು ಬಾಹ್ಯಾಕಾಶ ಪಡೆಯ ಪಾದ್ರಿ ಡ್ಯಾನ್ ಡೇರ್ ಆದ. ಆಮೇಲೆ ಪಾದ್ರಿಯ ಕೊರಳಪಟ್ಟಿ ಕಳಚಿ ಕರ್ನಲ್ ಆದ. ಮಾದರಿ ಪ್ರತಿಯನ್ನು ಹಿಡಿದು ಲಂಡನ್ನಿನ ಪ್ರಕಾಶಕರ ಬಾಗಿಲುಗಳನ್ನು ತಟ್ಟಿದ ಮೇಲೆ ಹಲ್ಟನ್ ಪ್ರೆಸ್ ಒಪ್ಪಿತು. 1950ರ ಏಪ್ರಿಲ್ 14ರಂದು ಹೊರಬಂದ 'ಈಗಲ್' ವಾರಪತ್ರಿಕೆಯ ಬೆಲೆ ಮೂರು ಪೆನ್ಸ್. ಮೊದಲ ಸಂಚಿಕೆ ಸುಮಾರು 9 ಲಕ್ಷ ಪ್ರತಿ ಖರ್ಚಾಯಿತು. ಲಿವರ್‌ಪೂಲಿನ ಎರಿಕ್ ಬೆಮ್ರೋಸ್ ಮುದ್ರಣಾಲಯ ಈ ಬಣ್ಣದ ಕೆಲಸಕ್ಕೆಂದೇ ಹೊಸ ಯಂತ್ರ ಹೂಡಿತ್ತು. ಮಸುಕು ಕಾಗದ, ಒರಟು ಮುದ್ರಣಕ್ಕೆ ಒಗ್ಗಿದ್ದ ಕಣ್ಣುಗಳಿಗೆ ಆ ಮುಖಪುಟದ ಬಣ್ಣವೇ ಒಂದು ಹಬ್ಬ.

ಆ ಮುಖಪುಟದ ಕಥೆ ಏನೆಂಬುದನ್ನು ಹೊಸ ಸರಣಿ ಮಾಡಿದವರು ಮರೆತದ್ದೇ ಹೆಚ್ಚು. ಕಥೆ ನಡೆಯುವುದು 1996ರಲ್ಲಿ. ಭೂಮಿಯಲ್ಲಿ ಜಗತ್ತಿಗೆಲ್ಲ ಒಂದೇ ಸರ್ಕಾರವಿದೆ, ದೇಶದೇಶಗಳ ನಡುವೆ ಯುದ್ಧವಿಲ್ಲ. ಆದರೆ ತಿನ್ನಲು ಸಾಕಷ್ಟು ಅನ್ನವಿಲ್ಲ. ಆಹಾರ ಸಿಗಬಹುದೆಂಬ ಆಸೆಯಿಂದ ಶುಕ್ರಗ್ರಹಕ್ಕೆ ನೌಕೆಗಳು ಹೋಗುತ್ತವೆ, ಒಂದೊಂದಾಗಿ ಸಿಡಿದು ನಾಶವಾಗುತ್ತವೆ. ಡ್ಯಾನ್ ಡೇರ್ ಹೊರಡುವುದು ಅಲ್ಲಿಗೆ, ಅದಕ್ಕಾಗಿ. ತಂಡದಲ್ಲಿ ಪ್ರೊಫೆಸರ್ ಜಾಸೆಲಿನ್ ಪೀಬಡಿ ಇರುವುದೂ ಆಕೆ ಆಹಾರದ ವಿಷಯ ಬಲ್ಲ ವಿಜ್ಞಾನಿ ಎಂಬ ಕಾರಣಕ್ಕೆ; ಬಂದವಳು ಹೆಣ್ಣೆಂದು ತಿಳಿದು ಹಿರಿಯ ಅಧಿಕಾರಿ ಸರ್ ಹ್ಯೂಬರ್ಟ್ ಗೆಸ್ಟ್ ತಕರಾರು ಮಾಡುತ್ತಾರೆ, ಕಥೆ ಆ ತಕರಾರನ್ನು ಗೆಲ್ಲಗೊಡುವುದಿಲ್ಲ. ಈಗ ಇದನ್ನು ಓದುತ್ತಿದ್ದ ಹುಡುಗನ ಮನೆ ನೋಡಿ. ಯುದ್ಧಕಾಲದಲ್ಲೂ ಪಡಿತರಕ್ಕೆ ಬಾರದಿದ್ದ ಬ್ರೆಡ್ಡು ಯುದ್ಧ ಮುಗಿದ ಮೇಲೆ, 1946ರಿಂದ 1948ರವರೆಗೆ, ಪಡಿತರದಲ್ಲಿತ್ತು. ಮಿಠಾಯಿಯ ಮೇಲಿನ ನಿರ್ಬಂಧ ಹೋದದ್ದು 1953ರಲ್ಲಿ, ಮಾಂಸದ್ದು 1954ರಲ್ಲಿ. ಅಂಗಡಿಯಲ್ಲಿ ಚಾಕೊಲೇಟಿಗೆ ಚೀಟಿ ಕೊಡಬೇಕಾಗಿದ್ದ ಮಗು ಶುಕ್ರಗ್ರಹದ ದಂಡಯಾತ್ರೆಯನ್ನು ಹೊಟ್ಟೆಯಿಂದಲೇ ಓದಿಕೊಂಡಿತು ಎಂದರೆ ಉತ್ಪ್ರೇಕ್ಷೆಯಲ್ಲ. ಹ್ಯಾಂಪ್ಸನ್ ರಾಕೆಟ್ಟುಗಳನ್ನು ಕಂಡದ್ದೂ ಹಾಗೆಯೇ, ಯುದ್ಧದಲ್ಲಿ: ಬೆಲ್ಜಿಯಂನಲ್ಲಿ ಸೈನಿಕನಾಗಿದ್ದಾಗ ಜರ್ಮನ್ ವಿ-2ಗಳು ಆಕಾಶಕ್ಕೆ ಏರುವುದನ್ನು ಅವರು ನೋಡಿದ್ದರು. ಕೊಲ್ಲಲು ಬಂದ ಆ ಯಂತ್ರವನ್ನೇ ಅನ್ನ ತರುವ ಯಂತ್ರವಾಗಿ ಬರೆದರು. ಶುಕ್ರಗ್ರಹದ ಹಸಿರು ಮೈಯ ಟ್ರೀನ್ ಜನಾಂಗ, ಅವರನ್ನಾಳುವ ದೊಡ್ಡ ತಲೆಯ ಮೆಕಾನ್ ವಿಜ್ಞಾನವಿದ್ದೂ ಕರುಣೆಯಿಲ್ಲದವರು. ಆಗಷ್ಟೇ ಯುದ್ಧ ಮುಗಿಸಿ ಬಂದ ತಂದೆಯರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಇನ್ನು ಕಮ್ಮಟ. ಸೌತ್‌ಪೋರ್ಟಿನ ಚರ್ಚ್‌ಟೌನಿನಲ್ಲಿದ್ದ ಒಂದು ಹಳೆಯ ಬೇಕರಿಯೇ ಮೊದಲ ಸ್ಟುಡಿಯೊ. ಹ್ಯಾಂಪ್ಸನ್ ಮೊದಲು ಎರಡು ಪುಟಗಳ ಕಚ್ಚಾ ಚಿತ್ರವನ್ನು ಬಣ್ಣದಲ್ಲೇ ಬಿಡಿಸುವರು. ಬೇರೆಯವರಾಗಿದ್ದರೆ ಅದನ್ನೇ ಮುದ್ರಣಕ್ಕೆ ಕಳಿಸುತ್ತಿದ್ದರು. ಆಮೇಲೆ ಸಹಾಯಕರು ಆಯಾ ಚೌಕದ ಭಂಗಿಗಳಲ್ಲಿ ನಿಲ್ಲುವರು, ಅವರ ಫೋಟೊ ತೆಗೆಯುವರು. ಬೆಳಕು ಯಾವ ಕಡೆಯಿಂದ ಬಿದ್ದರೆ ಅಂಗಿಯ ಮಡಿಕೆ ಹೇಗೆ ಕಾಣುತ್ತದೆ ಎಂಬುದು ಆ ಫೋಟೊದಿಂದ ಚಿತ್ರಕ್ಕೆ ಇಳಿಯುವುದು. ಬಾಹ್ಯಾಕಾಶ ಪಡೆಯ ಸಮವಸ್ತ್ರವನ್ನು ನಿಜವಾಗಿ ಹೊಲಿಸಿದ್ದರು. ನೌಕೆಗಳ, ನಿಲ್ದಾಣಗಳ ಪುಟ್ಟ ಮಾದರಿಗಳನ್ನು ಕಟ್ಟಿ, ತಿರುಗಿಸಿ ನೋಡಿ ಬರೆಯುತ್ತಿದ್ದರು. ಹಾಗಾಗಿ ಡ್ಯಾನ್‌ನ ಸೇವಕ ಡಿಗ್ಬಿಯ ಚಿಕ್ಕಮ್ಮನ ಹೆಸರು ಹೊತ್ತ 'ಅನಸ್ತೇಸಿಯಾ' ನೌಕೆ ಯಾವ ಕೋನದಿಂದ ಕಂಡರೂ ಅದೇ ನೌಕೆ. ಸರ್ ಹ್ಯೂಬರ್ಟ್‌ಗೆ ರೂಪ ಕೊಟ್ಟವರು ಪೊಲೀಸ್ ಕೆಲಸದಲ್ಲಿದ್ದ ಹ್ಯಾಂಪ್ಸನ್ನರ ತಂದೆ. ಪೀಬಡಿಗೆ ಸ್ಟುಡಿಯೊದ ಚಿತ್ರಕಾರ್ತಿ ಗ್ರೆಟಾ ಟಾಮ್ಲಿನ್ಸನ್. ಆರಂಭದ ದಿನಗಳಲ್ಲಿ ವಿಜ್ಞಾನದ ಸಲಹೆಗೆ ಆರ್ಥರ್ ಸಿ. ಕ್ಲಾರ್ಕ್ ಇದ್ದರು. ಎರಡು ಪುಟಕ್ಕೆ ಇಷ್ಟು ಜನ, ಇಷ್ಟು ಖರ್ಚು ಯಾಕೆ ಎಂದು ಕೇಳುವವರು ಆಗಲೂ ಇದ್ದರು. ನನ್ನ ಮಟ್ಟಿಗೆ ಆ ಖರ್ಚೇ ಕಥೆಯ ಪ್ರಾಣ. ಇನ್ನೂ ಬಾರದ ಕಾಲವನ್ನು ಮಗು ನಂಬಬೇಕಾದರೆ ಅಲ್ಲಿನ ಬಾಗಿಲಿನ ಹಿಡಿಕೆಯೂ ಯಾರೋ ದಿನಾ ಮುಟ್ಟಿದಂತೆ ಕಾಣಬೇಕು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಭಾರತೀಯ ಓದುಗ ಅದನ್ನು ದಾಟಿ ಹೋಗಲಾರ. ಸಾಮ್ರಾಜ್ಯ ಕೈತಪ್ಪುತ್ತಿದ್ದ ಹೊತ್ತಿನಲ್ಲಿ, ಬ್ರಿಟಿಷ್ ಅಧಿಕಾರಿಯೊಬ್ಬ ಇಡೀ ಸೌರಮಂಡಲಕ್ಕೆ ದಿಕ್ಕು ತೋರಿಸುವ ಕಥೆ ಸಾಮ್ರಾಜ್ಯದ ಹಂಬಲವಲ್ಲದೆ ಇನ್ನೇನು? ಡ್ಯಾನ್ ಡೇರ್‌ನ ಮಾತು, ಮೀಸೆಯಿಲ್ಲದ ಗಂಭೀರ ಮುಖ, ವಾಯುಪಡೆಯ ಠೀವಿ ಎಲ್ಲವೂ ಆ ಕಡೆಗೇ ಬೆರಳು ಮಾಡುತ್ತವೆ. ಅವನ ಸೇವಕ ಡಿಗ್ಬಿ ವಿಗನ್ ಊರಿನ ದುಡಿಯುವ ವರ್ಗದವನು, ನಗಿಸುವ ಪಾಲು ಅವನದು. ವರ್ಗದ ಏಣಿ ಬಾಹ್ಯಾಕಾಶದಲ್ಲೂ ಮೆಟ್ಟಿಲು ಬಿಟ್ಟುಕೊಟ್ಟಿಲ್ಲ. ಆಕ್ಷೇಪ ನಿಜ. ಆದರೆ ಅದು ಕಥೆಯ ಪೂರ್ತಿ ತೂಕವನ್ನು ಹೊರುವುದಿಲ್ಲ. ಶುಕ್ರಕ್ಕೆ ಹೋದವರು ನೆಲ ಹಿಡಿಯಲು ಹೋದವರಲ್ಲ, ಹಸಿದು ಹೋದವರು. ತಂಡದಲ್ಲಿ ಫ್ರೆಂಚನಿದ್ದಾನೆ, ಅಮೆರಿಕನಿದ್ದಾನೆ. ಆಜ್ಞೆ ಬರುವುದು ಲೋಕಕ್ಕೆಲ್ಲ ಸೇರಿದ ಸರ್ಕಾರದಿಂದ. ಸಾಮ್ರಾಜ್ಯದ ಉಡುಗೆ ತೊಟ್ಟೇ ಸಾಮ್ರಾಜ್ಯದ ನಂತರದ ಲೋಕವನ್ನು ಊಹಿಸಲು ಹೊರಟ ಕಥೆ ಇದು, ಆ ಒಳಜಗಳವೂ ಅದರ ಜೀವಂತಿಕೆಯ ಭಾಗ.

ಕಮ್ಮಟ ಒಡೆದದ್ದು 1959ರಲ್ಲಿ. ಹಲ್ಟನ್ ಸಂಸ್ಥೆ ಓಡಮ್ಸ್ ಕೈಗೆ ಹೋಯಿತು. ಈ ಹೊತ್ತಿಗೆ ಸರ್ರೆಯ ಎಪ್ಸಮ್‌ನಲ್ಲಿದ್ದ ಸ್ಟುಡಿಯೊ ಹೊಸ ಯಜಮಾನರ ಲೆಕ್ಕದಲ್ಲಿ ದುಂದುವೆಚ್ಚ. ಬಾಹ್ಯಾಕಾಶದಲ್ಲಿ ಕಳೆದುಹೋದ ತಂದೆಯನ್ನು ಡ್ಯಾನ್ ಹುಡುಕುವ ದೀರ್ಘ ಕಥಾಮಾಲೆಯನ್ನು ಶುರುಮಾಡಿದ್ದ ಹ್ಯಾಂಪ್ಸನ್ ನಡುವೆಯೇ ಅದನ್ನು ಬಿಟ್ಟು ಹೋದರು. ನಾಯಕನ ಹಕ್ಕು ಅವರದಾಗಿರಲಿಲ್ಲ, ಪ್ರಕಾಶಕರದು. ಅವರ ಜಾಗಕ್ಕೆ ಬಂದ ಫ್ರ್ಯಾಂಕ್ ಬೆಲಮಿ ಅಸಾಧಾರಣ ಚಿತ್ರಕಾರ. ಉಡುಗೆ, ನೌಕೆ ಎಲ್ಲವನ್ನೂ ಬದಲಿಸಲು ಅವರಿಗೆ ಹೇಳಲಾಯಿತು, ಒಂದು ವರ್ಷ ಬರೆದು ಬಿಟ್ಟರು. 1962ರಿಂದ ಕೀತ್ ವಾಟ್ಸನ್ ಹಳೆಯ ರೂಪವನ್ನು ಪ್ರೀತಿಯಿಂದ ಮರಳಿಸಿದರು. ಆದರೂ 1967ರ ಆರಂಭಕ್ಕೆ ಹೊಸ ಕಥೆ ನಿಂತಿತು, 1969ರಲ್ಲಿ ಪತ್ರಿಕೆಯೂ. 1975ರಲ್ಲಿ ಇಟಲಿಯ ಲುಕ್ಕಾ ಉತ್ಸವ ಹ್ಯಾಂಪ್ಸನ್ನರನ್ನು ಯುದ್ಧಾನಂತರದ ಶ್ರೇಷ್ಠ ಕಾಮಿಕ್ಸ್ ಕಲಾವಿದರೆಂದು ಗೌರವಿಸಿದಾಗ ಅವರು ಒಂದು ಕಾಲೇಜಿನಲ್ಲಿ ಚಿತ್ರ ತಂತ್ರಜ್ಞರಾಗಿ ಸಂಬಳಕ್ಕೆ ದುಡಿಯುತ್ತಿದ್ದರು. ಇದನ್ನು ಓದಿ ಹೊಟ್ಟೆ ಉರಿಯದವರು ಕಾಮಿಕ್ಸಿನ ಇತಿಹಾಸ ಬರೆಯಬಾರದು.

ಮೊದಲ ಮರುಹುಟ್ಟು 1977ರ ಫೆಬ್ರವರಿಯಲ್ಲಿ, '2000 ಎಡಿ' ವಾರಪತ್ರಿಕೆಯ ಮೊದಲ ಸಂಚಿಕೆಯಲ್ಲಿ. ಇನ್ನೂರು ವರ್ಷ ನಿದ್ದೆ ಮಾಡಿ ಎದ್ದ ಡ್ಯಾನ್ ಡೇರ್‌ನನ್ನು ಇಟಲಿಯ ಮಾಸ್ಸಿಮೊ ಬೆಲಾರ್ಡಿನೆಲ್ಲಿ ಬರೆದರು, ಮುಂದೆ ಡೇವ್ ಗಿಬ್ಬನ್ಸ್. ಪತ್ರಿಕೆಯ ಬಂಡವಾಳವೇ ಅವನ ಹೆಸರು. ಬಣ್ಣದ ನಡುಪುಟಗಳು ಅವನಿಗೇ ಮೀಸಲು. ಆದರೆ ಎರಡನೇ ಸಂಚಿಕೆಯಲ್ಲಿ ಕಪ್ಪುಬಿಳುಪಿನಲ್ಲಿ ಬಂದ ಜಡ್ಜ್ ಡ್ರೆಡ್ ಅವನನ್ನು ಹಿಂದೆ ಹಾಕಿದ. ಭವಿಷ್ಯದ ಮೇಲಿನ ನಂಬಿಕೆ ಸತ್ತದ್ದೇ ಕಾರಣವೆನ್ನುವವರು ಈ ಪಕ್ಕಪಕ್ಕದ ಪರೀಕ್ಷೆಗೆ ಉತ್ತರಿಸಬೇಕು. ಡ್ರೆಡ್‌ನದೂ ಭವಿಷ್ಯದ ಕಥೆಯೇ. ಉಕ್ಕಿ ಹರಿಯುವ ಮಹಾನಗರ, ಕೆಲಸವಿಲ್ಲದ ಜನ, ತಾನೇ ಹಿಡಿದು ತಾನೇ ತೀರ್ಪು ಕೊಡುವ ಪೊಲೀಸ್: ಎಪ್ಪತ್ತರ ದಶಕದ ಬ್ರಿಟಿಷ್ ಬೀದಿಯಲ್ಲಿದ್ದ ಚಿಂತೆಯೇ ಅಲ್ಲಿ ನೂರು ಮಹಡಿ ಎತ್ತರಕ್ಕೆ ಬೆಳೆದಿತ್ತು. ಅದೇ ಪತ್ರಿಕೆ, ಅವೇ ಓದುಗರು. ಚಿಂತೆ ಇದ್ದವನು ಉಳಿದ, ಹೆಸರು ಮಾತ್ರ ಇದ್ದವನು 1979ರಲ್ಲಿ ಮರೆಯಾದ. 1982ರಲ್ಲಿ 'ಈಗಲ್' ಮತ್ತೆ ಹೊರಟಾಗ ಅದೇ ಹೆಸರಿನ ಮರಿಮಗನ ಮಗ ನಾಯಕನಾದ. ಅದು ಹನ್ನೆರಡು ವರ್ಷ ನಡೆಯಿತು, ಕಡೆಗೆ ಮೂಲ ನಾಯಕನನ್ನೂ ಕರೆಸಿಕೊಂಡಿತು. ಆದರೂ ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ.

1990ರ 'ಡೇರ್' ನನ್ನ ವಾದಕ್ಕೆ ನಿಜವಾದ ಸವಾಲು. ಗ್ರ್ಯಾಂಟ್ ಮಾರಿಸನ್ ಬರೆದು ರಿಯಾನ್ ಹ್ಯೂಸ್ ಚಿತ್ರಿಸಿದ ಈ ಕಥೆಯಲ್ಲಿ ಡ್ಯಾನ್ ಡೇರ್ ನಿವೃತ್ತ, ಕಾಲುನೋವಿನ ಮುದುಕ. ಥ್ಯಾಚರ್ ಅವರನ್ನು ಹೋಲುವ ಪ್ರಧಾನಿ ಚುನಾವಣೆಗಾಗಿ ಅವನ ಮುಖವನ್ನು ಬಳಸಿಕೊಳ್ಳುತ್ತಾಳೆ. ಇಲ್ಲಿ ಚಿಂತೆ ಧಗಧಗಿಸುತ್ತದೆ. ಹಸಿವಿನ ವಿಷಯವೂ ವಿಕಾರ ರೂಪದಲ್ಲಿ ಮರಳಿದೆ. ಎಲ್ಲ ಮರುಹುಟ್ಟುಗಳಲ್ಲಿ ಇದು ಅತ್ಯಂತ ತೀಕ್ಷ್ಣವಾದದ್ದೆಂದು ಒಪ್ಪುತ್ತೇನೆ. ಆದರೆ ಈ ಕಥೆ ನಾಯಕನನ್ನು ಮರಳಿ ತರುವುದು ಅವನ ಲೋಕವನ್ನು ಕೊನೆಗಾಣಿಸಲು. ವಾರವಾರ ಬೆಳೆಯುವ ಭವಿಷ್ಯ ಅದಕ್ಕೆ ಬೇಕಿರಲಿಲ್ಲ, ಆದ್ದರಿಂದ ಕಮ್ಮಟವೂ ಬೇಕಿರಲಿಲ್ಲ. ಮುಖವನ್ನು ಮಾರಿಕೊಂಡವರ ಕಥೆಯಾಗಿ, ಬೇಕೆಂದೋ ಬೇಡವೆಂದೋ, ಅದು ಹ್ಯಾಂಪ್ಸನ್ನರ ಕಥೆಯನ್ನೂ ಹೇಳಿತು.

ಇದರ ಎದುರು ತುದಿಯಲ್ಲಿದೆ 2003ರಲ್ಲಿ ಓದುಗರೇ ಹೊರಡಿಸಿದ 'ಸ್ಪೇಸ್‌ಶಿಪ್ ಅವೇ'. ಕೀತ್ ವಾಟ್ಸನ್ ತೀರಿಕೊಳ್ಳುವ ಮುನ್ನ ಆರಂಭಿಸಿದ್ದ ಹೊಸ ಕಥೆಯನ್ನು, ಹ್ಯಾಂಪ್ಸನ್ನರ ಬಲಗೈಯಾಗಿದ್ದ ಡಾನ್ ಹಾರ್ಲಿ ಇಳಿವಯಸ್ಸಿನಲ್ಲಿ ಮುಂದುವರಿಸಿದರು. ಕಮ್ಮಟ ಮರಳಿದ್ದು ಇಲ್ಲಿ ಮಾತ್ರ, ಅದೂ ಮೂಲದ ಕೈಗಳೊಂದಿಗೆ. ಹಾಗಾದರೆ ಅದು ಬೇರು ಬಿಡಬೇಕಿತ್ತಲ್ಲ ಎಂದು ಕೇಳಬಹುದು. ಅಲ್ಲಿನ ಭವಿಷ್ಯ ಐವತ್ತರ ದಶಕದ ಭವಿಷ್ಯವಾಗಿಯೇ ಉಳಿಯಿತು. ಪಡಿತರ ಚೀಟಿ ಕಾಣದ ಮಗುವನ್ನು ಅದು ಕರೆಯಲಿಲ್ಲ, ಕರೆಯುವ ಉದ್ದೇಶವೂ ಅದಕ್ಕಿದ್ದಂತಿಲ್ಲ.

2007ರ ಸರಣಿಗೆ ನಮ್ಮ ಊರಿನ ನಂಟಿದೆ. ರಿಚರ್ಡ್ ಬ್ರಾನ್ಸನ್, ದೀಪಕ್ ಚೋಪ್ರಾ, ಶೇಖರ್ ಕಪೂರ್ ಮೊದಲಾದವರು ಸೇರಿ ಕಟ್ಟಿದ ವರ್ಜಿನ್ ಕಾಮಿಕ್ಸ್ ಸಂಸ್ಥೆಯ ಸ್ಟುಡಿಯೊ ಇದ್ದದ್ದು ಬೆಂಗಳೂರಿನಲ್ಲಿ. ಭಾರತದ ಪುರಾಣಕಥೆಗಳನ್ನು ಹೊಸ ಚಿತ್ರಕಥೆಗಳಾಗಿ ತಿದ್ದುತ್ತಿದ್ದ ಆ ಸಂಸ್ಥೆಯೇ ಬ್ರಿಟನ್ನಿನ ಹಳೆಯ ಪೈಲಟ್‌ನನ್ನೂ ಎಬ್ಬಿಸಿತು. ಗಾರ್ತ್ ಎನಿಸ್ ಕಥೆ, ಗ್ಯಾರಿ ಎರ್ಸ್ಕಿನ್ ಚಿತ್ರ. ಅಮೆರಿಕ ಮತ್ತು ಚೀನಾ ಪರಮಾಣು ಯುದ್ಧದಲ್ಲಿ ನಾಶವಾಗಿವೆ, ಬ್ರಿಟನ್ ಉಳಿದಿದೆ, ನಿವೃತ್ತ ಡ್ಯಾನ್‌ಗೆ ಮತ್ತೆ ಕರೆ ಬರುತ್ತದೆ. ಎನಿಸ್ ಅವನನ್ನು ಅಣಕಿಸಲಿಲ್ಲ. ಡಿಗ್ಬಿಯ ಸಾವನ್ನು ಗೌರವದಿಂದ ಬರೆದರು, ಪೀಬಡಿಯನ್ನು ದೇಶ ನಡೆಸುವ ಸ್ಥಾನಕ್ಕೆ ತಂದರು. ಅಧಿಕಾರದಲ್ಲಿದ್ದವರ ಸುಳ್ಳಿಗೆ ಎದುರಾಗಿ ನಿಲ್ಲುವ ಸಭ್ಯತೆ, ಇರಾಕ್ ಯುದ್ಧದ ಆ ವರ್ಷಗಳಲ್ಲಿ, ನಿಜವಾದ ಚಿಂತೆಯೇ. ಏಳು ಸಂಚಿಕೆಗಳಲ್ಲಿ ಕಥೆ ಮುಗಿಯಿತು. 2008ರಲ್ಲಿ ಸಂಸ್ಥೆಯೇ ಕೈ ಬದಲಾಯಿಸಿ ಲಿಕ್ವಿಡ್ ಕಾಮಿಕ್ಸ್ ಆಯಿತು. ಪುರಾಣವನ್ನೂ ಬಾಹ್ಯಾಕಾಶವನ್ನೂ ಒಂದೇ ಸೂರಿನಡಿ ಇಟ್ಟುಕೊಂಡಿದ್ದ ಸಂಸ್ಥೆಗೆ ಐದು ವರ್ಷ ಸಿಕ್ಕಿದ್ದರೆ ಏನಾಗುತ್ತಿತ್ತೋ ಎಂದು ಮನಸ್ಸು ಮಿಡುಕುತ್ತದೆ. ಚಿಂತೆ ಮತ್ತು ಕಮ್ಮಟ ಒಂದಕ್ಕೊಂದು ಅತಿ ಹತ್ತಿರ ಬಂದದ್ದು ಅಲ್ಲಿಯೇ.

2017ರಲ್ಲಿ ಟೈಟನ್ ಪ್ರಕಾಶನದಿಂದ ಪೀಟರ್ ಮಿಲಿಗನ್ ಬರೆದ ಸರಣಿ ನಾಲ್ಕೇ ಸಂಚಿಕೆ. ಮೆಕಾನ್ ಸೆರೆಯಲ್ಲಿದ್ದು ಸುಧಾರಿಸಿದಂತೆ ಕಾಣುತ್ತಾನೆ; ಶಾಂತಿ ಬಂದಿದೆ, ಅದು ಡ್ಯಾನ್ ಡೇರ್‌ಗೆ ಬೇಸರ ತರಿಸಿದೆ. ಶತ್ರು ನಿಜವಾಗಿ ಬದಲಾದರೆ ಅವನನ್ನು ನಂಬುವುದು ಹೇಗೆ, ಯುದ್ಧವಿಲ್ಲದ ಕಾಲದಲ್ಲಿ ಯೋಧನ ಕೆಲಸವೇನು ಎಂಬುದು ಒಂದೂವರೆ ವರ್ಷ ನಡೆದ ಶುಕ್ರಯಾತ್ರೆಯಷ್ಟೇ ಪುಟ ಬೇಡುವ ಪ್ರಶ್ನೆ. ಅಷ್ಟರಲ್ಲಿ ಹೊಸ ಅಪಾಯವೊಂದು ದೂರದಿಂದ ಬಂದಿಳಿಯಿತು, ನೌಕೆಗಳು ಗುಂಡು ಹಾರಿಸತೊಡಗಿದವು, ಪುಟಗಳು ಮುಗಿದವು.