ಕೋಪರ್‌ನ ಖಾಲಿ ಮನೆ: ರೈಲಿನ ವೇಳಾಪಟ್ಟಿಯಿಂದ ವೆಬ್ ಟೇಬಲ್‌ವರೆಗೆ

ಇವತ್ತಿನ ಮಾತು ವೆಬ್ ಪುಟದ ಟೇಬಲ್ ಬಗ್ಗೆ. ಡೇಟಾ ಬದಲಾದ ಹಾಗೆ ತಾನೂ ಬದಲಾಗೋ ಟೇಬಲ್ಲನ್ನ ಟೆಂಪ್ಲೇಟ್‌ನಲ್ಲಿ ಕಟ್ಟೋದು ಹೇಗೆ, ಆ ಪದ್ಧತಿ ಎಲ್ಲಿಂದ ಬಂತು? ಉದಾಹರಣೆಗೆ ನಾವು ದಿನಾ ಹತ್ತೋ ಲೋಕಲ್‌ನ ವೇಳಾಪಟ್ಟಿಯನ್ನೇ ತಗೊಳ್ತೀನಿ.

ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿ ಬಂದರ್‌ನಿಂದ ನಮ್ಮ ಠಾಣೆಗೆ ಬಂತು. ಮರುವರ್ಷ ಹಳಿ ಕಲ್ಯಾಣ್ ಮುಟ್ಟಿತು. ಅಷ್ಟರಲ್ಲಿ ವೇಳಾಪಟ್ಟಿಯ ರೂಪ ಸಿದ್ಧವಾಗಿತ್ತು. ಇಂಗ್ಲೆಂಡಿನ ಜಾರ್ಜ್ ಬ್ರಾಡ್‌ಶಾ 1839ರಲ್ಲೇ ರೈಲು ವೇಳಾಪಟ್ಟಿಯ ಪುಸ್ತಕ ತಂದಿದ್ದ. ಅಡ್ಡಸಾಲಿಗೊಂದು ನಿಲ್ದಾಣ, ಕಂಬಸಾಲಿಗೊಂದು ರೈಲು, ಎರಡೂ ಸೇರೋ ಮನೆಯಲ್ಲಿ ಗಂಟೆ-ನಿಮಿಷ. ಅಚ್ಚುಮೊಳೆ ಜೋಡಿಸುವವನು ಒಂದೊಂದು ಮನೆಯನ್ನೂ ಕೈಯಲ್ಲೇ ತುಂಬಬೇಕು. ಹೊಸ ನಿಲ್ದಾಣ ಬಂದರೆ ಪುಟ ಬಿಚ್ಚಿ ಮತ್ತೆ ಕಟ್ಟಬೇಕು.

ವೆಬ್ ಬಂದಾಗಲೂ ಮೊದಮೊದಲು ಇದೇ ಪಾಡು. 1993ರಲ್ಲಿ ಡೇವ್ ರ್ಯಾಗೆಟ್ ತಮ್ಮ ಎಚ್‌ಟಿಎಂಎಲ್ ಪ್ಲಸ್ ಕರಡಿನಲ್ಲಿ ಟೇಬಲ್ ಟ್ಯಾಗ್ ಸೂಚಿಸಿದರು. 1995ರಲ್ಲಿ ನೆಟ್‌ಸ್ಕೇಪ್ 1.1 ಟೇಬಲ್ ತೋರಿಸಿತು. ಟಿಆರ್, ಟಿಡಿ ಟ್ಯಾಗ್‌ಗಳನ್ನ ಜನ ಕೈಯಲ್ಲೇ ಬರೀತಿದ್ರು. ಅದೇ 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಪಿಎಚ್‌ಪಿ ಬಿಡುಗಡೆ ಮಾಡಿದರು. ಆಮೇಲೆ 1999ರಲ್ಲಿ ಜೆಎಸ್‌ಪಿ, 2005ರಲ್ಲಿ ಜ್ಯಾಂಗೊ. ಎಲ್ಲದರ ಒಳಗುಟ್ಟು ಒಂದೇ: ಸಾಲನ್ನು ಒಂದು ಸಲ ಬರಿ, ಎಷ್ಟು ಸಲ ಬೇಕು ಅನ್ನೋದನ್ನ ಡೇಟಾ ಹೇಳಲಿ.

ಇದರ ಬೆಲೆ ನವಿ ಮುಂಬೈಯವರಿಗೆ ಬೇಗ ಅರ್ಥ ಆಗುತ್ತೆ. ಠಾಣೆ–ವಾಶಿ ಟ್ರಾನ್ಸ್ ಹಾರ್ಬರ್ ದಾರಿಯಲ್ಲಿ, ಠಾಣೆಗೂ ಐರೋಲಿಗೂ ಮಧ್ಯೆ, 2024ರ ಜನವರಿಯಲ್ಲಿ ದಿಘಾ ಗಾಂವ್ ಅನ್ನೋ ಹೊಸ ನಿಲ್ದಾಣ ಶುರುವಾಯ್ತು. ಲೂಪ್ ಬರೆದ ಟೆಂಪ್ಲೇಟ್‌ಗೆ ಅದು ಪಟ್ಟಿಯಲ್ಲಿ ಇನ್ನೊಂದು ಹೆಸರು, ಅಷ್ಟೇ. ಸಾಲುಗಳನ್ನ ಕೈಯಲ್ಲಿ ಬರೆದ ಪುಟದಲ್ಲಿ ಮಾತ್ರ ಹೋಗೋ ದಿಕ್ಕು, ಬರೋ ದಿಕ್ಕು, ಭಾನುವಾರದ ಪಟ್ಟಿ, ಎಲ್ಲವನ್ನೂ ತಿದ್ದಬೇಕು.

ಆದರೆ ಲೂಪ್ ಬರೆದರೆ ಕೆಲಸ ಮುಗೀತು ಅಂತಲ್ಲ. ಯಾವುದರ ಮೇಲೆ ಲೂಪ್ ಹಾಕ್ತೀರಿ ಅನ್ನೋದು ಮುಖ್ಯ. ಫಾಸ್ಟ್ ಲೋಕಲ್ ಡೊಂಬಿವಲಿಯಲ್ಲಿ ನಿಲ್ಲುತ್ತೆ, ಪಕ್ಕದ ಕೋಪರ್‌ನಲ್ಲಿ ನಿಲ್ಲಲ್ಲ. ಮೂರು ರೈಲು ಇವೆ ಅನ್ನಿ: ಸ್ಲೋ, ಫಾಸ್ಟ್, ಸ್ಲೋ. ಕೋಪರ್‌ಗೆ ಎರಡೇ ಸಮಯ. ಆ ಎರಡರ ಮೇಲೆ ಲೂಪ್ ಹಾಕಿದರೆ ಎರಡೇ ಟಿಡಿ ಹುಟ್ಟುತ್ತವೆ. ಮೂರನೇ ರೈಲಿನ ಸಮಯ ಎಡಕ್ಕೆ ಸರಿದು ಫಾಸ್ಟ್‌ನ ಕೆಳಗೆ ಕೂರುತ್ತೆ. ಎರರ್ ಬರಲ್ಲ, ಟೇಬಲ್ ನೋಡೋಕೂ ಚೆನ್ನಾಗಿರುತ್ತೆ. ನಂಬಿದವರು ಮಾತ್ರ ನಿಲ್ಲದ ರೈಲಿಗೆ ಪ್ಲಾಟ್‌ಫಾರ್ಮ್‌ನಲ್ಲಿ ಕಾಯ್ತಾರೆ. ಹಳೇ ಅಚ್ಚಿನವರು ಅಲ್ಲಿ ಚುಕ್ಕೆ ಹಾಕ್ತಿದ್ರು, ಮನೆ ಬಿಡ್ತಿರಲಿಲ್ಲ. ನಾವೂ ಒಳಗಿನ ಲೂಪನ್ನ ರೈಲುಗಳ ಪೂರ್ತಿ ಪಟ್ಟಿಯ ಮೇಲೇ ಹಾಕಬೇಕು. ಸಮಯ ಇಲ್ಲದ ಕಡೆ ಖಾಲಿ ಮನೆ ಇಡಬೇಕು.

ಕಲ್ಯಾಣ್ ಕಲಿಸೋ ಪಾಠ ಇನ್ನೊಂದು. ಅಲ್ಲಿಂದ ಒಂದು ದಾರಿ ಕಸಾರಾ ಕಡೆಗೆ, ಇನ್ನೊಂದು ಕರ್ಜತ್ ಕಡೆಗೆ. ತಲೆಬರಹದಲ್ಲಿ ಆ ಎರಡು ಹೆಸರು ಎಷ್ಟು ಕಂಬಸಾಲಿನ ಮೇಲೆ ಹರಡಬೇಕು? ಆ ಕಾಲ್‌ಸ್ಪ್ಯಾನ್ ಸಂಖ್ಯೆಯನ್ನು ರೈಲುಗಳನ್ನ ಎಣಿಸಿಯೇ ತೆಗೀಬೇಕು. ನಾಲ್ಕು ಅಂತ ಬರೆದಿಟ್ಟರೆ, ಐದನೇ ರೈಲು ಬಂದ ದಿನ ತಲೆಬರಹ ತಪ್ಪು ಹೇಳುತ್ತೆ.

ಕೊನೇದು ಅಗಲದ ಪ್ರಶ್ನೆ, ಕನ್ನಡಿಗರದ್ದೇ ಪ್ರಶ್ನೆ. 1996ರ ಮೇ ತಿಂಗಳ ಆರ್‌ಎಫ್‌ಸಿ 1942ರಲ್ಲಿ ಬ್ರೌಸರ್ ಅಗಲ ಲೆಕ್ಕ ಹಾಕೋ ಕ್ರಮ ಇದೆ: ಒಡೆಯಲಾಗದ ಅತಿ ಉದ್ದದ ಪದವೇ ಕಂಬಸಾಲಿನ ಕನಿಷ್ಠ ಅಗಲ. ಇಂಗ್ಲಿಷಿನ ‘ನೋ ಸ್ಟಾಪ್’ ಎರಡು ಪದ, ಎರಡು ಸಾಲಾಗಿ ಮುರಿಯುತ್ತೆ. ನಮ್ಮ ‘ನಿಲ್ಲುವುದಿಲ್ಲ’ ಒಂದೇ ಪದ. 1998ರ ಸಿಎಸ್‌ಎಸ್ 2 ‘ಫಿಕ್ಸೆಡ್’ ಲೇಔಟ್ ತಂದಿತು. ಅದರಲ್ಲಿ ಮೊದಲ ಸಾಲು ಹೇಳಿದ್ದೇ ಅಗಲ. ಇಂಗ್ಲಿಷ್ ಪದ ಅಳೆದು ಅಲ್ಲಿ ಪಿಕ್ಸೆಲ್ ಕೊಟ್ಟರೆ ಕನ್ನಡ ಪಕ್ಕದ ಮನೆಗೆ ಚಾಚಿಕೊಳ್ಳುತ್ತೆ. ಆಗ ಬರೋ ಮಾತು ನಿಮಗೂ ಗೊತ್ತಿರಬಹುದು: “ಕನ್ನಡ ಹಿಡಿಸ್ತಿಲ್ಲ, ಇಂಗ್ಲಿಷೇ ಇರಲಿ.” ಇದನ್ನ ನಾನು ಒಪ್ಪಲ್ಲ. ಇಂಗ್ಲಿಷ್ ಅಳತೆಗೆ ಹೊಲಿದ ಅಂಗಿ ಬಿಗಿಯಾದರೆ ತಪ್ಪು ಹೊಲಿಗೆಯದ್ದು. ಅಗಲವನ್ನ ಆಟೋಗೆ ಬಿಡಿ, ಮೊಬೈಲ್‌ಗಾಗಿ ಟೇಬಲ್ಲನ್ನ ಅಡ್ಡ ಸರಿಯೋ ಪೆಟ್ಟಿಗೆಯಲ್ಲಿಡಿ, ಪರೀಕ್ಷೆಗೆ ಮೊದಲು ಕನ್ನಡದ್ದೇ ಉದ್ದ ಪದ ಹಾಕಿ ನೋಡಿ.

ಸಾಲೆಷ್ಟು, ಕಂಬಸಾಲೆಷ್ಟು, ಅಗಲವೆಷ್ಟು, ಮೂರನ್ನೂ ಡೇಟಾ ಹೇಳಲಿ. ಯಾವ ಮನೆ ಖಾಲಿ ಇರಬೇಕು ಅನ್ನೋದನ್ನ ಮಾತ್ರ ನಾವು ಮರೆಯದೆ ಹೇಳೋಣ. ಮುಂದಿನ ವಿಡಿಯೋದಲ್ಲಿ ಸಿಗೋಣ.