ಸ್ಥಾನಾಂತರಗೊಂಡ ದೇವಾಲಯ: ಅಬು ಸಿಂಬೆಲ್ ಮತ್ತು ಮುಳುಗಿದ ನೂಬಿಯಾ

ಲೋಕದಲ್ಲಿ ಪ್ರವಾಸಿಗರನ್ನು ಬೆರಗುಗೊಳಿಸುವ ಸ್ಥಳಗಳು ಅನೇಕವಿವೆ. ಅವುಗಳಲ್ಲಿ ಬಹುಪಾಲು ತಾವು ನೆಲಸಿರುವ ನೆಲದ ಮಹಿಮೆಯಿಂದ ಪ್ರಸಿದ್ಧವಾದವು. ಬೆಟ್ಟ, ನದಿ, ಕಡಲತೀರ ಇವುಗಳ ಸಂಬಂಧವನ್ನು ಬಿಟ್ಟು ಅವನ್ನು ನೆನೆಯುವುದೇ ಸಾಧ್ಯವಿಲ್ಲ. ಆದರೆ ತಾನು ಹುಟ್ಟಿದ ಸ್ಥಳದಲ್ಲಿ ಇಲ್ಲದಿರುವುದೇ ತನ್ನ ಇತಿಹಾಸದ ಮುಖ್ಯ ಸಂಗತಿಯಾಗಿರುವ ದೇವಾಲಯವೊಂದು ಈಜಿಪ್ಟ್ ದೇಶದ ದಕ್ಷಿಣದಂಚಿನಲ್ಲಿದೆ. ಆಸ್ವಾನ್ ನಗರದಿಂದ ರಸ್ತೆಯ ಮೂಲಕ ಸುಮಾರು ೨೮೦ ಕಿಲೋಮೀಟರ್ ಮರುಭೂಮಿಯನ್ನು ದಾಟಿ, ಸುಡಾನಿನ ಗಡಿಯ ಸಮೀಪಕ್ಕೆ ಬಂದ ಯಾತ್ರಿಕನು ವಿಶಾಲವಾದ ಸರೋವರವೊಂದರ ದಡದಲ್ಲಿ ಗುಡ್ಡವೊಂದನ್ನು ಕಾಣುತ್ತಾನೆ. ಗುಡ್ಡದ ಮೈಯಲ್ಲಿ ನಾಲ್ಕು ಮಹಾಪ್ರತಿಮೆಗಳು ಪೂರ್ವಾಭಿಮುಖವಾಗಿ ಕುಳಿತಿವೆ. ಪ್ರತಿಮೆಗಳು ಮೂರು ಸಾವಿರ ವರ್ಷಗಳಿಗಿಂತ ಹಳೆಯವು. ಗುಡ್ಡವೂ ಸರೋವರವೂ ೧೯೬೦ರ ದಶಕದವು. ಇದೇ ಅಬು ಸಿಂಬೆಲ್.

ಈ ಸ್ಥಾನಾಂತರದ ಚರಿತ್ರೆಯನ್ನು ಪ್ರವಾಸ ಕೈಪಿಡಿಗಳು ಯಂತ್ರಶಾಸ್ತ್ರದ ವಿಜಯವೆಂದು ವರ್ಣಿಸುತ್ತವೆ. ಅದು ವಿಜಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ವರ್ಷಗಳಲ್ಲಿ, ಅದೇ ನೀರಿನ ಕಾರಣದಿಂದ, ಇನ್ನೊಂದು ಸ್ಥಾನಾಂತರವೂ ನಡೆಯಿತು. ಎರಡನ್ನೂ ಒಟ್ಟಿಗೆ ಇರಿಸಿ ನೋಡದೆ ಅಬು ಸಿಂಬೆಲಿನ ಇತಿಹಾಸ ಪೂರ್ಣವಾಗದೆಂಬುದು ಈ ಲೇಖನದ ಅಭಿಪ್ರಾಯ.

೧

ಕ್ರಿ.ಪೂ. ೧೨೭೯ರಿಂದ ೧೨೧೩ರವರೆಗೆ ಆಳಿದ ಎರಡನೆಯ ರಾಮ್ಸೆಸ್ ಈ ದೇವಾಲಯಗಳ ನಿರ್ಮಾಪಕ. ನೈಲ್ ನದಿಯ ಪಶ್ಚಿಮ ದಡದ ಮರಳುಗಲ್ಲಿನ ಬಂಡೆಯನ್ನು ಕೊರೆದು ಅವನು ಎರಡು ಗುಹಾಲಯಗಳನ್ನು ಮಾಡಿಸಿದನು. ದೊಡ್ಡದರ ಮುಂಭಾಗದಲ್ಲಿ ಅರಸನ ನಾಲ್ಕು ಪ್ರತಿಮೆಗಳಿವೆ. ಒಂದೊಂದರ ಎತ್ತರ ಸುಮಾರು ೨೦ ಮೀಟರ್. ಒಳಗಿನ ಗೋಡೆಗಳ ಮೇಲೆ ಹಿಟ್ಟೈಟರೊಡನೆ ನಡೆದ ಕದೇಶ್ ಯುದ್ಧದ ಚಿತ್ರಾವಳಿಯಿದೆ. ಗರ್ಭಗೃಹದಲ್ಲಿ ಪ್ತಾಹ್, ಅಮುನ್-ರಾ, ದೈವತ್ವಕ್ಕೇರಿದ ರಾಮ್ಸೆಸ್, ರಾ-ಹೊರಾಖ್ತಿ ಎಂಬ ನಾಲ್ವರು ಸಾಲಾಗಿ ಕುಳಿತಿದ್ದಾರೆ. ಚಿಕ್ಕ ದೇವಾಲಯವು ಹಾಥೋರ್ ದೇವತೆಗೂ ಪಟ್ಟದರಸಿ ನೆಫರ್ತಾರಿಗೂ ಸಂಬಂಧಿಸಿದ್ದು. ಅಲ್ಲಿ ರಾಣಿಯ ಪ್ರತಿಮೆಗಳು ಅರಸನವುಗಳಷ್ಟೇ ಎತ್ತರವಾಗಿವೆ. ಈಜಿಪ್ಟಿನ ಶಿಲ್ಪದಲ್ಲಿ ಇದು ಅಪರೂಪ; ಸಾಮಾನ್ಯವಾಗಿ ರಾಣಿಯು ಅರಸನ ಮೊಣಕಾಲೆತ್ತರಕ್ಕೆ ಮಾತ್ರ ಬರುತ್ತಾಳೆ.

ದೇವಾಲಯವನ್ನು ಇಷ್ಟು ದೂರದಲ್ಲಿ ಏಕೆ ಕಟ್ಟಿಸಿದನೆಂಬುದನ್ನು ಊಹಿಸುವುದು ಕಷ್ಟವಲ್ಲ. ಇದು ನೂಬಿಯಾ, ಅಂದರೆ ಈಜಿಪ್ಟಿಗೆ ಚಿನ್ನವನ್ನು ಕೊಡುತ್ತಿದ್ದ, ಬಲದಿಂದ ಅಧೀನದಲ್ಲಿಟ್ಟುಕೊಂಡಿದ್ದ ಪರನಾಡು. ನದಿಯಲ್ಲಿ ದೋಣಿಯೇರಿ ದಕ್ಷಿಣದಿಂದ ಬರುವವರಿಗೆ ಚಕ್ರವರ್ತಿಯ ಸನ್ನಿಧಿಯನ್ನು ತೋರಿಸುವುದು ಇದರ ಉದ್ದೇಶವಾಗಿದ್ದಿರಬೇಕು. ಪ್ರತಿಮೆಗಳಲ್ಲಿ ಒಂದರ ಮೇಲ್ಭಾಗವು ಪ್ರಾಚೀನ ಕಾಲದಲ್ಲಿಯೇ ಕಳಚಿ ಬಿದ್ದಿತು. ಕ್ರಿ.ಪೂ. ೬ನೆಯ ಶತಮಾನದ ಆದಿಯಲ್ಲಿ ಎರಡನೆಯ ಸಾಮ್ತಿಕನ ದಂಡಿನೊಡನೆ ಬಂದ ಗ್ರೀಕ್ ಕೂಲಿಸೈನಿಕರು ಪ್ರತಿಮೆಯ ಕಾಲಿನ ಮೇಲೆ ತಮ್ಮ ಹೆಸರುಗಳನ್ನು ಕೆತ್ತಿ ಹೋದರು. ಪ್ರವಾಸಿಗರ ಈ ದುರಭ್ಯಾಸವೂ ಬಹು ಪುರಾತನವೆಂದು ತಿಳಿಯುತ್ತದೆ. ಆ ತರುವಾಯ ಮರಳು ಮುಚ್ಚಿತು. ೧೮೧೩ರಲ್ಲಿ ಸ್ವಿಸ್ ಸಂಚಾರಿ ಬರ್ಕ್‌ಹಾರ್ಟ್ ಇಲ್ಲಿಗೆ ಬಂದಾಗ ಕಾಣುತ್ತಿದ್ದದ್ದು ಪ್ರತಿಮೆಗಳ ಮೇಲ್ಭಾಗಗಳು ಮಾತ್ರ. ೧೮೧೭ರ ಆಗಸ್ಟ್ ೧ರಂದು ಇಟಲಿಯ ಬೆಲ್ಜೋನಿ ಮರಳನ್ನು ತೆಗೆಸಿ ಒಳಹೊಕ್ಕನು.

೨

ನೈಲ್ ನದಿಗೆ ಆಸ್ವಾನಿನಲ್ಲಿ ಮೊದಲ ಅಣೆಕಟ್ಟು ೧೯೦೨ರಲ್ಲಿ ಮುಗಿಯಿತು. ೧೯೧೨ರಲ್ಲಿಯೂ ೧೯೩೩ರಲ್ಲಿಯೂ ಅದನ್ನು ಎತ್ತರಿಸಲಾಯಿತು. ಒಂದೊಂದು ಸಲವೂ ನೂಬಿಯಾದ ಹೊಲಗಳೂ ಖರ್ಜೂರದ ತೋಪುಗಳೂ ಮುಳುಗಿದವು. ಜನರು ದಡದ ಮೇಲೆ ಇನ್ನಷ್ಟು ಎತ್ತರಕ್ಕೆ ಸರಿದು ಮನೆ ಕಟ್ಟಿಕೊಂಡರು. ೧೯೬೦ರ ಜನವರಿಯಲ್ಲಿ ಆರಂಭವಾದ ಹೊಸ ಮಹಾ ಅಣೆಕಟ್ಟು ಇವೆಲ್ಲಕ್ಕಿಂತ ಬೇರೆ ಬಗೆಯದು. ಅದರ ಎತ್ತರ ೧೧೧ ಮೀಟರ್. ಅದರ ಹಿಂದೆ ನಿಲ್ಲಲಿದ್ದ ಸರೋವರವು ಸುಮಾರು ೫೦೦ ಕಿಲೋಮೀಟರ್ ಉದ್ದವಾಗಿ ಸುಡಾನಿನೊಳಕ್ಕೂ ಚಾಚುವುದಾಗಿತ್ತು. ಸರಿಯಲು ಇನ್ನು ದಡವೇ ಉಳಿಯುವಂತಿರಲಿಲ್ಲ.

ಈಜಿಪ್ಟ್ ಮತ್ತು ಸುಡಾನ್ ಸರ್ಕಾರಗಳ ಕೋರಿಕೆಯ ಮೇರೆಗೆ ಯುನೆಸ್ಕೋ ಸಂಸ್ಥೆಯ ಮಹಾನಿರ್ದೇಶಕ ವಿಟೊರಿನೊ ವೆರೊನೆಸೆ ೧೯೬೦ರ ಮಾರ್ಚ್ ೮ರಂದು ನೂಬಿಯಾದ ಸ್ಮಾರಕಗಳ ರಕ್ಷಣೆಗಾಗಿ ಜಗತ್ತಿಗೆ ಮನವಿ ಮಾಡಿದರು. ಅಬು ಸಿಂಬೆಲಿಗಾಗಿ ನಾನಾ ಯೋಜನೆಗಳು ಬಂದವು. ದೇವಾಲಯದ ಸುತ್ತ ಪ್ರತ್ಯೇಕ ಕಟ್ಟೆ ಹಾಕಬೇಕೆಂದು ಫ್ರೆಂಚರೂ, ಇಡೀ ಬಂಡೆಯನ್ನು ಒಂದೇ ತುಂಡಾಗಿ ಮೇಲೆತ್ತಬೇಕೆಂದು ಇಟಲಿಯವರೂ ಸೂಚಿಸಿದರು. ತಿಳಿನೀರಿನೊಳಗೆ ಹಾಗೆಯೇ ಬಿಟ್ಟು, ನೋಡುವವರಿಗೆ ನೀರಿನಡಿಯಲ್ಲಿ ಕೋಣೆಗಳನ್ನು ಕಟ್ಟಬೇಕೆಂದು ಬ್ರಿಟನ್ನಿನ ಚಿತ್ರನಿರ್ಮಾಪಕ ವಿಲಿಯಂ ಮ್ಯಾಕ್ವಿಟಿ ಸಲಹೆಯಿತ್ತರು. ಕೊನೆಗೆ ೧೯೬೩ರಲ್ಲಿ ಅಂಗೀಕೃತವಾದದ್ದು ಸ್ವೀಡನ್ನಿನ ಯಂತ್ರಜ್ಞರ ಯೋಜನೆ: ದೇವಾಲಯವನ್ನು ತುಂಡು ತುಂಡಾಗಿ ಕೊಯ್ದು, ಮೇಲೆ ಸಾಗಿಸಿ, ಮತ್ತೆ ಜೋಡಿಸುವುದು.

ಏರುತ್ತಿದ್ದ ನೀರನ್ನು ತಡೆಯಲು ಮೊದಲು ತಾತ್ಕಾಲಿಕ ಕಟ್ಟೆಯನ್ನು ಹಾಕಿದರು. ಮೇಲಿನ ಬಂಡೆಯನ್ನು ತೆಗೆಯುವಾಗ ಪ್ರತಿಮೆಗಳಿಗೆ ಪೆಟ್ಟಾಗದಂತೆ ಮುಂಭಾಗವನ್ನು ಮರಳಿನಿಂದ ಮುಚ್ಚಿದರು. ಬೆಲ್ಜೋನಿ ತೆಗೆಸಿದ ಮರಳು ಈ ಸಲ ರಕ್ಷಕವಾಗಿ ಹಿಂದಿರುಗಿತು. ಮೆದುವಾದ ಕಲ್ಲು ಪುಡಿಯಾಗದಿರಲೆಂದು ರಾಳದ ದ್ರವವನ್ನು ಒಳಕ್ಕೆ ತುಂಬಿದರು. ಶಿಲ್ಪವಿರುವ ಮೈಯನ್ನು ಕೈಗರಗಸದಿಂದಲೇ ಕೊಯ್ಯಲಾಯಿತು; ಇದಕ್ಕಾಗಿ ಇಟಲಿಯ ಅಮೃತಶಿಲೆಯ ಗಣಿಗಳ ಕುಶಲ ಕೆಲಸಗಾರರು ಬಂದಿದ್ದರು. ಹೀಗೆ ಸಾವಿರಕ್ಕೂ ಮಿಕ್ಕಿದ ತುಂಡುಗಳಾದವು. ಅನೇಕವುಗಳ ತೂಕ ೨೦ರಿಂದ ೩೦ ಟನ್. ಒಂದೊಂದಕ್ಕೂ ಸಂಖ್ಯೆ ಕೊಟ್ಟು, ಹಳೆಯ ಸ್ಥಾನಕ್ಕಿಂತ ಸುಮಾರು ೬೫ ಮೀಟರ್ ಮೇಲೆ, ಸುಮಾರು ೨೦೦ ಮೀಟರ್ ಹಿಂದೆ, ಅದೇ ದಿಕ್ಕಿಗೆ ಮುಖಮಾಡಿ ಜೋಡಿಸಿದರು. ಬಿದ್ದಿದ್ದ ಪ್ರತಿಮೆಯ ಚೂರುಗಳನ್ನು ಕೂಡ ಅವು ಬಿದ್ದಿದ್ದ ರೀತಿಯಲ್ಲಿಯೇ ಮರಳಿ ಇರಿಸಿದರು. ಗುಹೆಗಳ ಮೇಲೆ ಕಾಂಕ್ರೀಟಿನ ಗುಮ್ಮಟಗಳನ್ನು ಕಟ್ಟಿ, ಅದರ ಮೇಲೆ ಕಲ್ಲುಮಣ್ಣು ಹರಡಿ ಗುಡ್ಡದ ಆಕಾರ ಕೊಟ್ಟರು. ದೊಡ್ಡ ಗುಮ್ಮಟದ ಅಗಲ ಸುಮಾರು ೬೦ ಮೀಟರ್. ೧೯೬೮ರ ಸೆಪ್ಟೆಂಬರ್ ೨೨ರಂದು ಕಾರ್ಯಸಮಾಪ್ತಿಯ ಸಮಾರಂಭ ನಡೆಯಿತು. ಒಟ್ಟು ವೆಚ್ಚ ಸುಮಾರು ೪ ಕೋಟಿ ಡಾಲರ್.

ವರ್ಷಕ್ಕೆರಡು ಬಾರಿ ಉದಯಸೂರ್ಯನ ಕಿರಣವು ಗರ್ಭಗೃಹದವರೆಗೆ ಹೋಗಿ ಮೂರು ವಿಗ್ರಹಗಳನ್ನು ಬೆಳಗಿಸಿ, ಪ್ತಾಹನನ್ನು ಮಾತ್ರ ಕತ್ತಲೆಯಲ್ಲಿ ಬಿಡುವ ಸೋಜಿಗವು ಹೊಸ ಸ್ಥಾನದಲ್ಲಿಯೂ ಉಳಿದಿದೆ. ಫೆಬ್ರವರಿ ೨೨ ಮತ್ತು ಅಕ್ಟೋಬರ್ ೨೨ ಆ ದಿನಗಳು. ಮೂಲಸ್ಥಾನದಲ್ಲಿ ಒಂದು ದಿನ ಮೊದಲೇ ಆಗುತ್ತಿತ್ತೆಂದು ಹೇಳುತ್ತಾರೆ. ಇವು ರಾಮ್ಸೆಸನ ಜನ್ಮದಿನವೂ ಪಟ್ಟಾಭಿಷೇಕದ ದಿನವೂ ಎಂದು ಮಾರ್ಗದರ್ಶಿಗಳು ಸಾರುವುದುಂಟು. ಇದಕ್ಕೆ ಶಾಸನಾಧಾರವಿಲ್ಲ. ಅವನು ಪಟ್ಟಕ್ಕೆ ಬಂದದ್ದು ಮೇ ತಿಂಗಳ ಕೊನೆ ಅಥವಾ ಜೂನ್ ಆದಿಯ ಸುಮಾರಿಗೆ ಎಂದು ವಿದ್ವಾಂಸರು ಗಣಿಸಿರುವುದರಿಂದ, ಈ ಮಾತನ್ನು ಜನಪ್ರಿಯ ಐತಿಹ್ಯವೆಂದೇ ತಿಳಿಯಬೇಕು.

೩

ಇನ್ನು ಎರಡನೆಯ ಸ್ಥಾನಾಂತರ. ೧೯೬೩ರ ಅಕ್ಟೋಬರಿನಿಂದ ೧೯೬೪ರ ಜೂನ್‌ವರೆಗೆ ಈಜಿಪ್ಟ್ ಭಾಗದ ಸುಮಾರು ೫೦,೦೦೦ ನೂಬಿಯನ್ನರನ್ನು ಆಸ್ವಾನಿನ ಉತ್ತರಕ್ಕಿರುವ ಕೋಮ್ ಓಂಬೋ ಬಯಲಿಗೆ ಸಾಗಿಸಲಾಯಿತು. ಸುಡಾನ್ ಭಾಗದ ವಾದಿ ಹಾಲ್ಫಾ ಪಟ್ಟಣ ಮತ್ತು ಅದರ ಹಳ್ಳಿಗಳ ಹೆಚ್ಚುಕಡಮೆ ಅಷ್ಟೇ ಜನರನ್ನು ೧೯೬೪ರ ಜನವರಿಯಿಂದ ರೈಲುಗಳಲ್ಲಿ, ಬಹುದೂರದ ಅಟ್ಬರಾ ನದಿಯ ಬಳಿಯ ಖಷ್ಮ್ ಎಲ್-ಗಿರ್ಬಾಕ್ಕೆ ಕಳುಹಿಸಲಾಯಿತು. ಹೊರಡುವ ಮುನ್ನ ಜನರು ತಮ್ಮ ಹಿರಿಯರ ಗೋರಿಗಳಿಗೆ ಹೋಗಿ ಬೀಳ್ಕೊಂಡರು. ವಾದಿ ಹಾಲ್ಫಾದ ಅಧಿಕಾರಿಯಾಗಿ ಆ ತೆರವಿನ ಹೊಣೆ ಹೊತ್ತಿದ್ದ ಹಸನ್ ದಫಲ್ಲಾ ಆ ದಿನಗಳ ವೃತ್ತಾಂತವನ್ನು ಪುಸ್ತಕವಾಗಿ ಬರೆದಿದ್ದಾರೆ. ಜನರನ್ನು ಸಾಗಿಸಿದವನ ಕೈಯಿಂದಲೇ ಬಂದ ದಾಖಲೆಯಾದುದರಿಂದ ಅದಕ್ಕೆ ವಿಶೇಷ ಬೆಲೆಯಿದೆ.

ನೂಬಿಯಾದ ಮನೆಗಳು ಹಸಿ ಇಟ್ಟಿಗೆಯವು. ಅಂಗಳ ವಿಶಾಲ, ಗೋಡೆಗಳು ಚಿತ್ತಾರದವು. ಆಸರೆಯ ಚೌಕಟ್ಟಿಲ್ಲದೆಯೇ ಇಟ್ಟಿಗೆಯ ಕಮಾನುಗಳನ್ನು ಕಟ್ಟುವ ವಿದ್ಯೆ ಅಲ್ಲಿನ ಗಾರೆಯವರಿಗೆ ಪರಂಪರೆಯಿಂದ ಬಂದಿತ್ತು. ೧೯೪೧ರಲ್ಲಿ ಆಸ್ವಾನಿನ ಕಡೆಗೆ ಹೋಗಿದ್ದ ವಾಸ್ತುಶಿಲ್ಪಿ ಹಸನ್ ಫತ್ಹಿ ಅದನ್ನು ಅವರಿಂದಲೇ ಕಲಿತು, ಹೊಸ ಗುರ್ನಾ ಗ್ರಾಮದ ನಿರ್ಮಾಣದಲ್ಲಿ ಬಳಸಿದರು. ಆದರೆ ಕೋಮ್ ಓಂಬೋದಲ್ಲಿ ಸರ್ಕಾರವು ಕೊಟ್ಟದ್ದು ಒಂದೇ ಅಚ್ಚಿನ ಮನೆಗಳ ಸಾಲುಗಳನ್ನು. ಕುಟುಂಬದ ಗಾತ್ರಕ್ಕೆ ತಕ್ಕಂತೆ ಕೋಣೆಗಳ ಲೆಕ್ಕದಿಂದ ಮನೆಗಳನ್ನು ಹಂಚಿದ್ದರಿಂದ, ತಲೆಮಾರುಗಳಿಂದ ಅಕ್ಕಪಕ್ಕದಲ್ಲಿದ್ದ ಬಂಧುಗಳು ಬೇರೆ ಬೇರೆ ಬೀದಿಗಳ ಪಾಲಾದರು. ನದಿ ದೂರವಾಯಿತು. ಹೊಸ ಊರುಗಳಿಗೆ ಹಳೆಯ ಹೆಸರುಗಳನ್ನೇ ಇಟ್ಟುಕೊಂಡದ್ದು ಮಾತ್ರ ಅವರ ಪಾಲಿಗೆ ಉಳಿದ ಆಸ್ತಿ.

ದೇವಾಲಯದ ಪ್ರತಿಯೊಂದು ಕಲ್ಲಿಗೂ ಸಂಖ್ಯೆಯಿತ್ತು; ಯಾವ ಕಲ್ಲಿನ ಪಕ್ಕದಲ್ಲಿ ಯಾವ ಕಲ್ಲಿರಬೇಕೆಂಬ ನಕ್ಷೆಯಿತ್ತು. ಜನರನ್ನು ಕುರಿತು ಅಂತಹ ನಕ್ಷೆಯನ್ನು ಪಾಲಿಸಲಿಲ್ಲ. ವಿದ್ವಾಂಸರು ಸುಮ್ಮನಿದ್ದರೆಂದಲ್ಲ: ಕೈರೋದ ಅಮೆರಿಕನ್ ವಿಶ್ವವಿದ್ಯಾಲಯದಿಂದ ರಾಬರ್ಟ್ ಫರ್ನಿಯಾ ಅವರ ನೇತೃತ್ವದಲ್ಲಿ ೧೯೬೦ರ ದಶಕದ ಆದಿಯಲ್ಲಿ ನೂಬಿಯನ್ನರ ಜೀವನವನ್ನು ಕುರಿತ ವಿಸ್ತಾರವಾದ ಸಮೀಕ್ಷೆ ನಡೆದಿತ್ತು. ತಿಳಿವಳಿಕೆ ಇದ್ದಿತು, ಅದನ್ನು ಬಳಸುವ ಆಸ್ಥೆ ಕಲ್ಲಿಗೆ ದೊರೆತಷ್ಟು ಮನುಷ್ಯರಿಗೆ ದೊರೆಯಲಿಲ್ಲ. ೨೦೧೪ರ ಈಜಿಪ್ಟ್ ಸಂವಿಧಾನದ ೨೩೬ನೆಯ ವಿಧಿಯು ನೂಬಿಯನ್ನರನ್ನು ಹತ್ತು ವರ್ಷಗಳೊಳಗೆ ಮೂಲಪ್ರದೇಶಗಳಿಗೆ ಮರಳಿಸುವ ಯೋಜನೆಯನ್ನು ವಾಗ್ದಾನ ಮಾಡಿತು. ಆ ಅವಧಿ ೨೦೨೪ರಲ್ಲಿ ಕಳೆಯಿತು, ವಾಗ್ದಾನ ಈಡೇರಲಿಲ್ಲ.

೪

ಈ ಚರಿತ್ರೆಯೊಡನೆ ಭಾರತಕ್ಕೂ ಕರ್ನಾಟಕಕ್ಕೂ ಇರುವ ಸಂಬಂಧವನ್ನು ಇಲ್ಲಿ ಹೇಳಬೇಕು. ಯುನೆಸ್ಕೋ ಮನವಿಗೆ ಓಗೊಟ್ಟು ಭಾರತದ ಪುರಾತತ್ತ್ವ ಇಲಾಖೆಯ ತಂಡವೊಂದು ೧೯೬೧-೬೨ರಲ್ಲಿ ಬಿ. ಬಿ. ಲಾಲ್ ಅವರ ನೇತೃತ್ವದಲ್ಲಿ ನೂಬಿಯಾಕ್ಕೆ ಹೋಗಿ ಅಫ್ಯೆ ಮತ್ತು ತುಮಾಸ್ ಎಂಬಲ್ಲಿ ಉತ್ಖನನ ನಡೆಸಿತು. ಅಲ್ಲಿನ ಪ್ರಾಚೀನ ಸಮಾಧಿಗಳ ಕಪ್ಪು-ಕೆಂಪು ಮಡಕೆಗಳು ದಕ್ಷಿಣ ಭಾರತದ ಬೃಹತ್‌ಶಿಲಾ ಸಮಾಧಿಗಳ ಮಡಕೆಗಳನ್ನು ಹೋಲುವುದನ್ನು ಲಾಲ್ ಗಮನಿಸಿದರು. ೧೯೪೭ರಲ್ಲಿ ವೀಲರ್ ಅಗೆಸಿದ ನಮ್ಮ ಬ್ರಹ್ಮಗಿರಿಯ ಮಡಕೆಗಳು ಈ ಜಾತಿಗೆ ಸೇರಿದವು. ಎರಡು ನಾಡುಗಳ ನಡುವಣ ಕಾಲದ ಅಂತರವೂ ದೇಶದ ಅಂತರವೂ ದೊಡ್ಡವಾದುದರಿಂದ, ಸಾದೃಶ್ಯವನ್ನೇ ಸಂಬಂಧಕ್ಕೆ ಸಾಕ್ಷಿಯೆಂದು ಹಿಡಿಯುವುದು ಯುಕ್ತವಲ್ಲ. ಆದರೂ ಸಂಶೋಧಕರ ಚರ್ಚೆಗೆ ಅದು ಒಳ್ಳೆಯ ವಸ್ತು. ಅಫ್ಯೆ, ತುಮಾಸ್ ಎರಡೂ ಈಗ ನೀರಿನಡಿಯಲ್ಲಿವೆ.

ನೂಬಿಯಾದ ರಕ್ಷಣಕಾರ್ಯದಿಂದ ದೊರೆತ ಅನುಭವದ ಫಲವಾಗಿಯೇ ೧೯೭೨ರ ವಿಶ್ವ ಪರಂಪರೆಯ ಒಡಂಬಡಿಕೆ ರೂಪುಗೊಂಡಿತು. ಅಬು ಸಿಂಬೆಲ್ ೧೯೭೯ರಲ್ಲಿ ಆ ಪಟ್ಟಿಗೆ ಸೇರಿತು; ಹಂಪೆ ೧೯೮೬ರಲ್ಲಿ, ಪಟ್ಟದಕಲ್ಲು ೧೯೮೭ರಲ್ಲಿ. ಜಲಾಶಯಗಳ ಸಮಸ್ಯೆಯೂ ನಮಗೆ ಹೊಸತಲ್ಲ. ಶ್ರೀಶೈಲದ ಜಲಾಶಯದಿಂದ ಮುಳುಗಲಿದ್ದ ಕೂಡವೆಲ್ಲಿಯ ಚಾಲುಕ್ಯ ಕಾಲದ ಸಂಗಮೇಶ್ವರ ದೇವಾಲಯವನ್ನು ಬಿಚ್ಚಿ ಆಲಂಪುರದಲ್ಲಿ ಮರಳಿ ಕಟ್ಟಲಾಯಿತು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳವನ್ನು ನೀರಿನ ನಡುವೆ ಬಾವಿಯಂತಹ ಗೋಡೆಯಿಂದ ಕಾಪಾಡಲಾಗಿದೆ. ಆಲಮಟ್ಟಿಯ ಹಿನ್ನೀರಿಗಾಗಿ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಬರಿದಾದವು. ಕೃಷ್ಣೆಯ ದಡದ ದೇವಾಲಯಗಳ ಸ್ಥಾನಾಂತರವನ್ನು ಬರೆದಿಟ್ಟಿರುವಷ್ಟು ಅಕ್ಕರೆಯಿಂದ, ಆ ಓಣಿಗಳಲ್ಲಿ ಯಾರ ಮನೆಯ ಪಕ್ಕ ಯಾರ ಮನೆಯಿತ್ತೆಂಬುದನ್ನು ನಾವು ಬರೆದಿಟ್ಟಿದ್ದೇವೆಯೇ ಎಂಬ ಪ್ರಶ್ನೆಯನ್ನು ನೂಬಿಯಾ ನಮ್ಮ ಮುಂದಿಡುತ್ತದೆ.

ಕಡೆಯದಾಗಿ ಒಂದು ಮಾತು. ಅಣೆಕಟ್ಟುಗಳ ಕಾಲಕ್ಕೆ ಮೊದಲೇ ನೂಬಿಯಾದ ಗಂಡಸರು ಕೆಲಸವನ್ನರಸಿ ಕೈರೋ, ಅಲೆಕ್ಸಾಂಡ್ರಿಯಾ ನಗರಗಳಿಗೆ ಹೋಗುತ್ತಿದ್ದರು. ಅಲ್ಲಿ ಅವರು ಒಂದೊಂದು ಹಳ್ಳಿಯ ಹೆಸರಿನಲ್ಲಿ ಒಂದೊಂದು ಸಂಘವನ್ನು ಕಟ್ಟಿಕೊಂಡು, ಮದುವೆಗೂ ಮರಣಕ್ಕೂ ಕೂಡುತ್ತಿದ್ದರು. ಹಳ್ಳಿಗಳು ಮುಳುಗಿದ ಮೇಲೆ, ಊರಿನ ನೆನಪನ್ನು ಊರ ಹೊರಗಿದ್ದವರೇ ಕಾಯಬೇಕಾಯಿತು. ಪರಸ್ಥಳದಲ್ಲಿ ಸಂಘ ಕಟ್ಟಿಕೊಂಡು ಬಾಳುವ ನಮಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಅಬು ಸಿಂಬೆಲಿಗೆ ಹೋಗುವ ಕನ್ನಡಿಗ ಯಾತ್ರಿಕನು ನಾಲ್ಕು ಮಹಾಪ್ರತಿಮೆಗಳನ್ನು ಅವಶ್ಯವಾಗಿ ನೋಡಲಿ; ನೋಡಿದ ಮೇಲೆ ಹಿಂದಿರುಗಿ, ಆ ಪ್ರತಿಮೆಗಳು ನೋಡುತ್ತಿರುವ ನೀರನ್ನೂ ಒಂದು ಗಳಿಗೆ ನೋಡಲಿ. ಅದರ ಅಡಿಯಲ್ಲಿ ಊರುಗಳಿವೆ.